ಹಾಲು ತಣಿಸುವ ಯಂತ್ರದ ಸ್ಥಾಪನೆಯೂ ಸಂರಕ್ಷಣೆಯೂ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಒಕ್ಕಲುತನವು ಬಹುಮಟ್ಟಿಗೆ ತೊಗರಿ, ಜೋಳ, ಹತ್ತಿ, ಕಬ್ಬುಗಳನ್ನು ಅವಲಂಬಿಸಿದುದಾಗಿದೆ. ಈ ಬೆಳೆಗಳು ಸುಗ್ಗಿಯ ಕಾಲಕ್ಕೆ ಹಣ ತರುತ್ತವೆ. ಎಮ್ಮೆ ಆಕಳುಗಳ ಹಾಲಾದರೋ ದಿನಂಪ್ರತಿ ತರುತ್ತದೆ. ಆದರೆ ತೊಗರಿಯನ್ನು ಹಗೇವಿನಲ್ಲಿಟ್ಟಂತೆ ಹಾಲನ್ನು ಕೂಡಿಡಲು ಬಾರದು. ಕರೆದ ಹಾಲಿನ ಉಷ್ಣತೆ ಸುಮಾರು 35 ಡಿಗ್ರಿ ಸೆಂಟಿಗ್ರೇಡು. ಆ ಬೆಚ್ಚಗಿನ ಸ್ಥಿತಿಯಲ್ಲಿ ಹುಳಿಹಿಡಿಸುವ ಸೂಕ್ಷ್ಮಜೀವಿಗಳು ಅತಿ ಶೀಘ್ರವಾಗಿ ವೃದ್ಧಿಹೊಂದುವುವು. ಹಾಲನ್ನು 4 ಡಿಗ್ರಿಗೆ ಇಳಿಸಿದರೆ ಆ ವೃದ್ಧಿಯು ಬಹಳ ಮಂದವಾಗುತ್ತದೆ. ಆದಕಾರಣವೇ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಉಕ್ಕಿನ ತೊಟ್ಟಿಯಿರುವ ಶೀತಲಯಂತ್ರಗಳನ್ನು ಇಡುವ ರೂಢಿಯು ಬಂದಿದೆ. ಹಣ್ಣು ತರಕಾರಿಗಳ ಶೀತಗೃಹಗಳಲ್ಲಿಯೂ ಇದೇ ಬಗೆಯ ಯಂತ್ರವು ಕೆಲಸಮಾಡುತ್ತದೆ.

ಒಳಗಿನ ತೊಟ್ಟಿಯನ್ನು ಎಲ್ಲರೂ ತೊಳೆದು ಥಳಥಳಿಸುವಂತೆ ಇಡುವರು. ಗೋಡೆಯ ಹೊರಗೆ ಬೀಸಣಿಗೆ ತಿರುಗುತ್ತಿರುವ ‘ಕಂಡೆನ್ಸಿಂಗ್ ಯೂನಿಟ್’ ಎಂಬ ಹೊರಯಂತ್ರದ ಕಡೆಗೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ತಣಿಸುವ ಕಾರ್ಯದ ಮುಖ್ಯ ಭಾರವೆಲ್ಲ ಇದರ ಮೇಲೆಯೇ ಇರುವುದರಿಂದ, ಇದನ್ನು ಎಲ್ಲಿ ಕೂಡ್ರಿಸಬೇಕು, ಹೇಗೆ ಕಾಯಬೇಕು ಎಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ತಿಳಿದಿರುವುದು ಅವಶ್ಯ.

ಯಂತ್ರದ ಕೆಲಸ

ಯಂತ್ರವು ತಂಪನ್ನು ಹುಟ್ಟಿಸುತ್ತದೆಂದು ಸಾಮಾನ್ಯ ಜನರ ಭಾವನೆ. ವಾಸ್ತವವಾಗಿ ಅದು ಹಮಾಲನ ಕೆಲಸ ಮಾಡುತ್ತದೆ. ಹಾಲಿನೊಳಗಿನ ಶಾಖವನ್ನು ಹೊತ್ತು ತಂದು ಹೊರಗೆ ಚೆಲ್ಲುತ್ತದೆ. ಮಣ್ಣಿನ ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುವುದರಿಂದ ಆ ನೀರು ತಣ್ಣಗಾಗುತ್ತದಷ್ಟೆ. ಈ ಯಂತ್ರದ ತತ್ತ್ವವೂ ಅದೇ. ಜನರು ‘ಗ್ಯಾಸ್’ ಎಂದು ಕರೆಯುವ ದ್ರವವು ತೊಟ್ಟಿಯ ತಳದ ಕೊಳವೆಗಳಲ್ಲಿ ಆವಿಯಾಗಿ ಹಾಲಿನ ಶಾಖವನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಬಿಸಿಮಾಡಿ ‘ಕಂಡೆನ್ಸರ್’ ಎಂಬ ತಾಮ್ರದ ಸುರುಳಿಗೆ ನೂಕುತ್ತದೆ. ಸುರುಳಿಗೆ ಹೊಂದಿಸಿದ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳ ಮೂಲಕ ಬೀಸಣಿಗೆಯು ಗಾಳಿಯನ್ನು ಎಳೆಯಲು, ಶಾಖವು ಗಾಳಿಗೆ ಸೇರಿ, ಆವಿಯು ಮರಳಿ ದ್ರವವಾಗುತ್ತದೆ.

ಈ ಹೊರೆಯ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1000 ಲೀಟರು ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖವು ಸುಮಾರು 370 ಕಿಲೋ ಮಂಜುಗಡ್ಡೆಯನ್ನು ಕರಗಿಸುವಷ್ಟು. ಇದನ್ನು ಮೂರು ಗಂಟೆಗಳೊಳಗೆ ಹೊರಹಾಕಬೇಕಾಗುತ್ತದೆ. ಕಂಪ್ರೆಸರಿನ ಶ್ರಮದಿಂದ ಹುಟ್ಟಿದ ಶಾಖವೂ ಅದರೊಡನೆ ಹೊರಬೀಳಬೇಕು. ಚೈತ್ರ ವೈಶಾಖಗಳಲ್ಲಿ ಕಲಬುರಗಿ ಸೀಮೆಯ ಗಾಳಿಯೇ 42–43 ಡಿಗ್ರಿಗೆ ಏರುವಾಗ, ಅಂಥ ಗಾಳಿಗೆ ಶಾಖವನ್ನು ಒಪ್ಪಿಸಲು ಗ್ಯಾಸು ಅದಕ್ಕಿಂತಲೂ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬಿಸಿಯಾಗಲೇಬೇಕು. ಹೀಗೆ ಏರುವ ಪ್ರತಿಯೊಂದು ಡಿಗ್ರಿಗೂ ವಿದ್ಯುತ್ತಿನ ವೆಚ್ಚವು ನೂರಕ್ಕೆ ಎರಡು ಮೂರರಂತೆ ಹೆಚ್ಚುತ್ತದೆ. ಆದುದರಿಂದ ಹೊರಯಂತ್ರಕ್ಕೆ ಗಾಳಿಯೇ ಉಸಿರೆಂದು ತಿಳಿಯತಕ್ಕದ್ದು.

ಸ್ಥಳವೂ ಬುನಾದಿಯೂ

ಹೊರಯಂತ್ರವನ್ನು ಮುಚ್ಚಿದ ಕೋಣೆಯಲ್ಲಾಗಲಿ, ಪತ್ರಾಸಿನ ತಗ್ಗು ಛಾವಣಿಯ ಕೆಳಗಾಗಲಿ ಇಡಕೂಡದು. ಅಲ್ಲಿ ಅದು ಚೆಲ್ಲಿದ ಬಿಸಿಗಾಳಿಯನ್ನು ಅದೇ ಮರಳಿ ಎಳೆದುಕೊಳ್ಳುತ್ತದೆ. ಕಟ್ಟಡದ ಮೂಡಲ ಮಗ್ಗುಲು ಪ್ರಶಸ್ತವಾದುದು. ಮಧ್ಯಾಹ್ನದ ತರುವಾಯ ಅಲ್ಲಿ ಗೋಡೆಯ ನೆರಳು ಬೀಳುವುದರಿಂದ ಸಂಜೆಯ ಹಾಲು ಬರುವ ವೇಳೆಗೆ ಯಂತ್ರವು ಕಾದಿರುವುದಿಲ್ಲ. ಮಳೆಗಾಲದ ಪಡುವಣ ಗಾಳಿಯೂ ಬೀಸಣಿಗೆಗೆ ಎದುರಾಗುವುದಿಲ್ಲ. ಮುಂಜಾನೆಯ ಬಿಸಿಲಿಗೆ ಎತ್ತರವಾದ, ನಾಲ್ಕೂ ಕಡೆ ತೆರೆದ ಚಪ್ಪರ ಸಾಕು. ಗಾಳಿ ಒಳಹೋಗುವ ಮಗ್ಗುಲಲ್ಲಿಯೂ ಹೊರಬರುವ ಮಗ್ಗುಲಲ್ಲಿಯೂ ಎಷ್ಟು ತೆರಪು ಬಿಡಬೇಕೆಂಬುದನ್ನು ತಯಾರಕರು ಯಂತ್ರದ ಪುಸ್ತಕದಲ್ಲಿ ಕೊಟ್ಟಿರುವರು. ಅದಕ್ಕೆ ಒಂದಂಗುಲವೂ ಕಡಿಮೆ ಮಾಡತಕ್ಕದ್ದಲ್ಲ. ಕುರಿಮರಿಗಳೂ ಮಕ್ಕಳೂ ಸಮೀಪಿಸದಂತೆ ಬೇಲಿ ಬೇಕು. ಆದರೆ ಅದು ಗಾಳಿಯನ್ನು ತಡೆಯದ ಅಗಲಗಣ್ಣಿನ ಜಾಲರಿಯದಾಗಿರಬೇಕು.

ಎರೆಭೂಮಿಯು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಸರ್ವವಿದಿತ. ಅದರ ಮೇಲೆ ನೇರವಾಗಿ ಕಟ್ಟಿದ ಕಟ್ಟೆಯು ಒಂದೆರಡು ವರ್ಷಗಳಲ್ಲಿ ವಾಲಿದರೆ, ತಾಮ್ರದ ಕೊಳವೆಯ ಬೆಸುಗೆಗಳು ಎಳೆದು ಸೀಳುವುವು. ಆದಕಾರಣ ಎರೆಮಣ್ಣನ್ನು ತೆಗೆಯಿಸಿ, ಗರಸು ತುಂಬಿ ದಮ್ಮಸು ಮಾಡಿಸಿ, ಅದರ ಮೇಲೆ ಕಾಂಕ್ರೀಟಿನ ಕಟ್ಟೆಯನ್ನು ಸಮತಲವಾಗಿ ಕಟ್ಟಿಸಬೇಕು. ಯಂತ್ರದ ಕಾಲುಗಳ ಕೆಳಗೆ ರಬ್ಬರಿನ ತುಂಡುಗಳಿರಲಿ. ಅವು ಅದುರುವಿಕೆಯನ್ನು ತಡೆಯುತ್ತವೆ. ಭೀಮಾ ತೀರದ ಗ್ರಾಮಗಳವರು 2020ರ ಅಕ್ಟೋಬರ್ ತಿಂಗಳ ಪ್ರವಾಹವನ್ನು ಮರೆತಿರಲಾರರು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅಂಥ ಊರುಗಳಲ್ಲಿ ಕಟ್ಟೆಯೂ ವಿದ್ಯುತ್ತಿನ ಫಲಕವೂ ಆ ನೀರಿನ ಗುರುತಿಗಿಂತ ಮೇಲಿರತಕ್ಕದ್ದು.

ವಿದ್ಯುತ್ತು

ದೊಡ್ಡ ಯಂತ್ರಗಳು ಮೂರು ಫೇಸಿನ ವಿದ್ಯುತ್ತಿನಿಂದ ನಡೆಯುವುವು. ಒಂದು ಫೇಸು ತಪ್ಪಿ ಎರಡರಲ್ಲಿಯೇ ಮೋಟಾರು ಓಡಿದರೆ ಕೆಲವು ನಿಮಿಷಗಳಲ್ಲಿ ಅದರ ಸುತ್ತುಗಳು ಸುಟ್ಟುಹೋಗುವುವು. ಇದನ್ನು ತಡೆಯುವ ಉಪಕರಣವನ್ನೂ, ವೋಲ್ಟೇಜು ಏರಿಳಿದಾಗ ಯಂತ್ರವನ್ನು ನಿಲ್ಲಿಸುವ ಸಾಧನವನ್ನೂ ಮೊದಲೇ ಹಾಕಿಸಬೇಕು. ಕರೆಂಟು ಹೋಗಿ ಬಂದ ಕೂಡಲೆ ಯಂತ್ರವನ್ನು ಚಾಲೂ ಮಾಡಕೂಡದು; ಒಳಗಿನ ಒತ್ತಡವು ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಅಷ್ಟು ತಡೆದು ತಾನಾಗಿ ಹೊತ್ತಿಸುವ ಟೈಮರು ಸುಲಭವಾಗಿ ದೊರೆಯುತ್ತದೆ.

ಹಾಲಿನ ಮನೆಯ ನೆಲವು ಯಾವಾಗಲೂ ಒದ್ದೆ. ಅಲ್ಲಿ ಬರಿಗಾಲಿನಲ್ಲಿ ಓಡಾಡುವವರು ಬಹುಮಂದಿ. ಅರ್ಥಿಂಗ್ ಸರಿಯಿಲ್ಲದ ಯಂತ್ರವನ್ನು ಇಂಥ ಸ್ಥಳದಲ್ಲಿ ಮುಟ್ಟುವುದು ಮೃತ್ಯುವನ್ನು ಮುಟ್ಟಿದಂತೆ. ಯಂತ್ರಕ್ಕೆ ಪ್ರತ್ಯೇಕವಾದ ಅರ್ಥಿಂಗ್ ಕುಣಿ ತೋಡಿಸಿ, ಬೇಸಿಗೆಯಲ್ಲಿ ಅದಕ್ಕೆ ತಪ್ಪದೆ ನೀರು ಹಾಕಿಸಬೇಕು. ವಿದ್ಯುತ್ತು ನೆಲಕ್ಕೆ ಸೋರಿದೊಡನೆ ಕಡಿದುಹಾಕುವ ಸ್ವಿಚ್ಚನ್ನೂ ಕೂಡಿಸತಕ್ಕದ್ದು.

ಗ್ಯಾಸಿನ ವಿಷಯ

ಕೊಳವೆ ಬೆಸೆಯುವುದು, ಗ್ಯಾಸು ತುಂಬುವುದು ಇವೆರಡೂ ಐ.ಟಿ.ಐ.ಯಲ್ಲಿ ಶೀತಲಯಂತ್ರದ ಕಸುಬು ಕಲಿತವನ ಕೆಲಸಗಳು. ಊರಿನ ವೆಲ್ಡಿಂಗ್ ಮೇಸ್ತ್ರಿಯಿಂದ ಮಾಡಿಸತಕ್ಕವಲ್ಲ. ಆದರೂ ಯಜಮಾನನು ಪಕ್ಕದಲ್ಲಿದ್ದು ಮೂರು ಸಂಗತಿಗಳನ್ನು ಗಮನಿಸಬಹುದು. ಮೊದಲನೆಯದು, ಬೆಸೆಯುವಾಗ ಕೊಳವೆಯೊಳಗೆ ಒಣ ನೈಟ್ರೋಜನ್ ಹರಿಯುತ್ತಿರಬೇಕು. ಇಲ್ಲವಾದರೆ ಒಳಗೆ ಕಪ್ಪು ಕಿಟ್ಟ ಹುಟ್ಟಿ ಕಂಪ್ರೆಸರನ್ನು ಕೆಡಿಸುವುದು. ಎರಡನೆಯದು, ಸೋರಿಕೆಯ ಪರೀಕ್ಷೆಯನ್ನು ರೆಗ್ಯುಲೇಟರ್ ಹಾಕಿದ ನೈಟ್ರೋಜನ್ನಿನಿಂದಲೇ ಮಾಡಬೇಕು. ಕೈಗೆ ಸಿಕ್ಕಿತೆಂದು ವೆಲ್ಡಿಂಗಿನ ಆಮ್ಲಜನಕವನ್ನು ತುಂಬಿದರೆ ಅದು ಒಳಗಿನ ಎಣ್ಣೆಯೊಡನೆ ಸೇರಿ ಸ್ಫೋಟವಾಗಿ ಪ್ರಾಣಹಾನಿಯಾಗುವುದು. ಮೂರನೆಯದು, ಗ್ಯಾಸು ತುಂಬುವ ಮೊದಲು ನಿರ್ವಾತ ಪಂಪಿನಿಂದ ಗಾಳಿಯನ್ನೂ ತೇವವನ್ನೂ ಪೂರ್ತಿಯಾಗಿ ತೆಗೆದಿರಬೇಕು.

ಹಲವು ಯಂತ್ರಗಳಲ್ಲಿರುವ ಆರ್-404ಎ ಎಂಬ ಗ್ಯಾಸಿನ ಒತ್ತಡವು ಕಡುಬೇಸಿಗೆಯಲ್ಲಿ ಲಾರಿಯ ಗಾಲಿಯೊಳಗಿನ ಒತ್ತಡದ ಮೂರುಪಟ್ಟಿಗೂ ಮಿಗಿಲು. ಚಿಮ್ಮಿದ ದ್ರವವು ಚರ್ಮವನ್ನೂ ಕಣ್ಣನ್ನೂ ಹೆಪ್ಪುಗಟ್ಟಿಸಿ ಸುಡುವುದು. ಅದು ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ ನಿಂತು, ಬಗ್ಗಿದವನ ಉಸಿರನ್ನು ಕಟ್ಟಿಸುವುದು. ಬೆಂಕಿಗೆ ತಾಗಿದರೆ ವಿಷಧೂಮವಾಗುವುದು. ಸೋರಿಕೆಯ ಸಂಶಯ ಬಂದೊಡನೆ ಬಾಗಿಲು ಕಿಟಕಿಗಳನ್ನು ತೆರೆದು, ಜನರನ್ನು ಹೊರಗೆ ಕಳುಹಿಸಿ, ಬೀಡಿ ಒಲೆಗಳನ್ನು ದೂರವಿಡಬೇಕು. ಆರ್-290 ಎಂಬ ಗ್ಯಾಸಂತೂ ಅಡಿಗೆಯ ಗ್ಯಾಸಿನಂತೆಯೇ ಹೊತ್ತಿಕೊಳ್ಳತಕ್ಕದ್ದು. ಇದಿದ್ದಲ್ಲಿ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬರಬೇಕು.

ವರ್ಷಕ್ಕೊಮ್ಮೆ ಗ್ಯಾಸು ತುಂಬಿಸಲೇಬೇಕೆಂಬ ನಂಬಿಕೆಯು ತಪ್ಪು. ಗ್ಯಾಸು ಸೀಮೆಎಣ್ಣೆಯಂತೆ ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. ಸೋರಿಕೆಯನ್ನು ಮುಚ್ಚದೆ ತುಂಬಿಸುವುದು ತೂತುಗೊಡದಲ್ಲಿ ನೀರು ಸೇದಿದಂತೆ. ಯಂತ್ರದ ಫಲಕದಲ್ಲಿ ಬರೆದ ಗ್ಯಾಸಿನ ಹೊರತು ಬೇರೆಯದನ್ನು ಬೆರೆಸಲೂಬಾರದು. ಹಳೆಯ ಆರ್-22 ಗ್ಯಾಸು ಆಕಾಶದ ಓಝೋನ್ ಪದರಕ್ಕೆ ಹಾನಿಕರವಾದುದರಿಂದ 1987ರ ಮಾಂಟ್ರಿಯಲ್ ಒಡಂಬಡಿಕೆಯ ಮೇರೆಗೆ ಕ್ರಮೇಣ ನಿಲ್ಲುತ್ತಲಿದೆ. ಆರ್-404ಎ ಭೂಮಿಯ ತಾಪವನ್ನು ಹೆಚ್ಚಿಸುವುದರಿಂದ, ಭಾರತವು 2021ರಲ್ಲಿ ಅಂಗೀಕರಿಸಿದ ಕಿಗಾಲಿ ತಿದ್ದುಪಡಿಯಂತೆ ಅಂಥವುಗಳೂ ಮುಂದೆ ಕಡಿಮೆಯಾಗತಕ್ಕವು. ಹೊಸ ಯಂತ್ರ ಕೊಳ್ಳುವವರು ಗ್ಯಾಸಿನ ಹೆಸರನ್ನು ಕೇಳಿಯೇ ಕೊಳ್ಳುವುದು ವಿವೇಕ. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತುಂಬಿಸತಕ್ಕದ್ದು.

ನಿತ್ಯದ ಆರೈಕೆ

ತೊಗರಿಯ ರಾಶಿಯ ಕಾಲದಲ್ಲಿ ಹೊಟ್ಟೂ ಧೂಳೂ, ಹತ್ತಿ ಬಿಡಿಸುವಾಗ ಅರಳೆಯ ಎಳೆಗಳೂ, ಕಬ್ಬಿನ ರವದಿ ಸುಟ್ಟಾಗ ಕರಿಯೂ ಹಾರಿಬಂದು ರೆಕ್ಕೆಗಳ ಸಂದಿನಲ್ಲಿ ಕಂಬಳಿಯಂತೆ ಕೂಡುವುವು. ಈ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ಅವುಗಳನ್ನು ಸ್ವಚ್ಛಮಾಡಬೇಕು. ಮೊದಲು ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಿ, ಬೀಗ ಹಾಕಿ, ಬೀಗದಕೈಯನ್ನು ಕೆಲಸ ಮಾಡುವವನೇ ಇಟ್ಟುಕೊಳ್ಳಬೇಕು. ಯಂತ್ರವು ಆರಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ರೆಕ್ಕೆಗಳ ಉದ್ದಕ್ಕೆ ಉಜ್ಜಿ, ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ ಸಣ್ಣ ಧಾರೆಯ ನೀರು ಬಿಡಬೇಕು. ಜೋರಾದ ನೀರು ರೆಕ್ಕೆಗಳನ್ನು ಮಡಚಿಬಿಡುವುದು. ಮೋಟಾರಿಗೂ ವಿದ್ಯುತ್ತಿನ ಪೆಟ್ಟಿಗೆಗೂ ನೀರು ತಾಗಕೂಡದು.

ಸಂಘದಲ್ಲಿ ಒಂದು ವಹಿಯನ್ನಿಟ್ಟು, ಹಾಲು ಎಷ್ಟು ಬಂತು, 4 ಡಿಗ್ರಿಗಿಳಿಯಲು ಎಷ್ಟು ಹೊತ್ತು ಹಿಡಿಯಿತು, ವೋಲ್ಟೇಜು ಎಷ್ಟಿತ್ತು ಎಂಬುದನ್ನು ದಿನವೂ ಬರೆಯಿಸುವುದು ಉತ್ತಮ. ಮೂರು ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯತೊಡಗಿದರೆ ರೋಗವು ಆರಂಭವಾಗಿದೆಯೆಂದು ತಿಳಿಯಬೇಕು. ಬೆಸುಗೆಯ ಬಳಿ ಎಣ್ಣೆಯ ಕಲೆ, ಬೀಸಣಿಗೆಯ ಹೊಸ ಸದ್ದು, ಇಲಿ ಕಡಿದ ತಂತಿ, ಇವುಗಳನ್ನೂ ನಿತ್ಯ ನೋಡತಕ್ಕದ್ದು. ಒತ್ತಡ ಮಿತಿಮೀರಿದಾಗ ಯಂತ್ರವನ್ನು ನಿಲ್ಲಿಸುವ ರಕ್ಷಣಾ ಸ್ವಿಚ್ಚು ಪದೇಪದೇ ಬಿದ್ದರೆ, ಅದನ್ನು ತಂತಿಯಿಂದ ಕಟ್ಟಿ ಯಂತ್ರ ಓಡಿಸುವ ದುಸ್ಸಾಹಸವನ್ನು ಎಂದಿಗೂ ಮಾಡಕೂಡದು. ಅದು ಬೀಳುವ ಕಾರಣವನ್ನೇ ಹುಡುಕಬೇಕು. ಬಹಳ ಸಾರಿ ಆ ಕಾರಣವು ರೆಕ್ಕೆಗಳಲ್ಲಿ ಕೂತ ಧೂಳೇ ಆಗಿರುವುದು. ಶಿವರಾತ್ರಿಯ ಸುಮಾರಿಗೆ, ಬಿಸಿಲು ಬಲಿಯುವ ಮೊದಲು, ತಿಳಿದ ಮೆಕ್ಯಾನಿಕನಿಂದ ಸಮಗ್ರ ಪರೀಕ್ಷೆ ಮಾಡಿಸಿದರೆ ಬೇಸಿಗೆಯು ಸುಖವಾಗಿ ಕಳೆಯುವುದು.

ಒಂದು ಸಂಜೆ ಯಂತ್ರ ಕೆಟ್ಟರೆ ಹುಳಿಯಾಗುವುದು ಊರ ಅನೇಕ ಮನೆಗಳ ದಿನದ ದುಡಿಮೆ. ಅವುಗಳಲ್ಲಿ ಒಂದೇ ಎಮ್ಮೆಯನ್ನು ನಂಬಿ ಬದುಕುವ ಮನೆಗಳೂ ಉಂಟು. ಊರಿನ ಹಿರಿಯರು ಸಂಘದ ಕಡೆಗೆ ಹೋದಾಗ ತೊಟ್ಟಿಯ ಹೊಳಪನ್ನು ನೋಡಿ ಹಿಂದಿರುಗದೆ, ಗೋಡೆಯ ಆಚೆಗೆ ನಡೆದು, ಹೊರಯಂತ್ರವು ನಿರಾತಂಕವಾಗಿ ಉಸಿರಾಡುತ್ತಿದೆಯೇ ಎಂದು ಒಮ್ಮೆ ನೋಡುವುದು ಎಲ್ಲರಿಗೂ ಶ್ರೇಯಸ್ಕರ.