ಹಾಲುತುಪ್ಪವಿಲ್ಲದ ಪ್ರವಾಸದ ಊಟ

ಪರಸ್ಥಳಕ್ಕೆ ಹೊರಟವನಿಗೆ ಹಸಿವೆಗಿಂತಲೂ ಹೆಚ್ಚಿನ ಚಿಂತೆಯೆಂದರೆ ತನ್ನ ನೇಮಕ್ಕೆ ಒಗ್ಗುವ ಊಟವು ದೊರೆಯುವದೋ ಇಲ್ಲವೋ ಎಂಬುದು. ಕಳೆದ ಮಾಘಮಾಸದಲ್ಲಿ ನಮ್ಮ ಅಣ್ಣನ ಮಗಳೊಡನೆ ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿಗಳನ್ನು ಸುತ್ತಿ ಬಂದಾಗ ಇದರ ಅನುಭವವು ನಮಗಾಯಿತು. ಕರುವಿನ ಪಾಲನ್ನು ತಾನು ಉಣ್ಣಲಾರೆನೆಂದು ಆಕೆಯು ಮೂರು ವರ್ಷಗಳಿಂದ ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನು ತ್ಯಜಿಸಿರುವಳು. ಇಂಥವರಿಗೆ 'ವೀಗನ್' ಎಂಬ ಹೆಸರು 1944ರಲ್ಲಿ ಇಂಗ್ಲಂಡಿನಲ್ಲಿ ಹುಟ್ಟಿತು. ಡೊನಾಲ್ಡ್ ವಾಟ್ಸನ್ ಮತ್ತು ಅವನ ಸಂಗಡಿಗರು ಆ ವರ್ಷವೇ ಒಂದು ಸಂಘವನ್ನೂ ಸ್ಥಾಪಿಸಿದರು.

ಹಾಲುತುಪ್ಪವಿಲ್ಲದೆ ಊಟವೆಲ್ಲಿಯದೆಂದು ನಾವು ಮನದಲ್ಲಿಯೇ ನಕ್ಕಿದ್ದೆವು. ಆದರೆ ಜಮಖಂಡಿಯ ಖಾನಾವಳಿಯೊಂದರಲ್ಲಿ ತಾಟು ಎದುರಿಗೆ ಬಂದಾಗ ನಮ್ಮ ನಗೆಯು ಅಡಗಿತು. ಜೋಳದ ರೊಟ್ಟಿಗೆ ಬೇಕಾದುದು ಹಿಟ್ಟು, ಬಿಸಿನೀರು. ಬದನೆಯ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಜೋಳದ ನುಚ್ಚು ಹಾಕಿದ ಪುಂಡಿಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇವೆಲ್ಲವೂ ಕಾಳು, ಕಾಯಿ, ಸೊಪ್ಪು, ಎಣ್ಣೆಗಳಿಂದಲೇ ಆದವು. ಮೊಸರಿನ ಬಟ್ಟಲನ್ನೂ ರೊಟ್ಟಿಯ ಮೇಲಣ ಬೆಣ್ಣೆಯನ್ನೂ ಬೇಡವೆಂದೊಡನೆ ಆಕೆಯ ನೇಮವು ಪೂರ್ಣವಾಯಿತು. ಒಕ್ಕಲಮಗನು ಹೊಲಕ್ಕೆ ಒಯ್ಯುವ ಬುತ್ತಿಯನ್ನೇ ಆಕೆಯು ಹೊಸ ಹೆಸರಿನಿಂದ ಹುಡುಕುತ್ತಿದ್ದಳು!

ಆದರೂ ಎಚ್ಚರವು ಬೇಕು. ಶಾಕಾಹಾರವೆಂಬ ಫಲಕವನ್ನು ನಂಬಿ ಕುಳಿತುಕೊಳ್ಳಬಾರದು. ಶಾಕಾಹಾರದಲ್ಲಿ ಹಾಲೂ ತುಪ್ಪವೂ ಸೇರಿರುವವು. ಪೊಟ್ಟಣದ ಮೇಲಣ ಹಸಿರು ಚುಕ್ಕೆಯ ಅರ್ಥವೂ ಅಷ್ಟೆ. ಬಡಿಸುವವನಿಗೆ 'ವೀಗನ್' ಎಂದರೆ ತಿಳಿಯಲಿಕ್ಕಿಲ್ಲ. "ಹಾಲು, ಮೊಸರು, ಬೆಣ್ಣಿ, ತುಪ್ಪ ನಾಲ್ಕೂ ಬ್ಯಾಡ" ಎಂದು ಎಣಿಸಿ ಹೇಳಿದರೆ ಕೂಡಲೇ ತಿಳಿಯುವದು. ಶಿರಾ, ಉಪ್ಪಿಟ್ಟುಗಳಿಗೆ ತುಪ್ಪ ಹಾಕಿರುವರೋ ಎಂದು ಕೇಳಬೇಕು. ದೋಸೆಗೆ ಎಣ್ಣೆಯನ್ನೇ ಹಾಕಿಸಬೇಕು. ಚಹವನ್ನು ಹಾಲಿಲ್ಲದೆ ಬೇರೆಯಾಗಿ ಮಾಡಿಸಬೇಕು. ಚುರುಮುರಿಯ ಸುಸಲಾ, ಮಿರ್ಚಿಭಜಿಗಳು ಎಣ್ಣೆಯವಾದುದರಿಂದ ಮುಂಜಾನೆಯ ಹಸಿವೆಗೆ ಅನುಕೂಲವಾಗಿವೆ.

ಅಂಗಡಿಯ ಊಟವು ಹೀಗೆ ಸುಲಭವಾಯಿತು. ಪ್ರೀತಿಯ ಮನೆಯ ಊಟವೇ ಕಠಿಣವಾದುದು.

ಬನಹಟ್ಟಿಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ನೇಕಾರಿಕೆ ಮಾಡಿಕೊಂಡಿರುವನು. ನಾವು ಬರುವೆವೆಂದು ತಿಳಿದು ಅವನ ವೃದ್ಧಮಾತೆಯು ಹೋಳಿಗೆ ಮಾಡಿದ್ದರು. ಒಳಗೆ ಅವರು ತುಪ್ಪ ಸವರುತ್ತಿದ್ದುದನ್ನು ನಾವು ಕಂಡೆವು. ಆ ತಾಯಿಯ ಮನಸ್ಸು ನೋಯಬಾರದೆಂದು, "ಎಣ್ಣೆ ಹಚ್ಚಿರುವರು, ತಿನ್ನು" ಎಂದು ಹುಡುಗಿಗೆ ಮೆಲ್ಲನೆ ಹೇಳಿಬಿಟ್ಟೆವು. ಆಕೆಯು ಒಂದು ತುತ್ತು ಬಾಯಿಗಿಟ್ಟಳು. ವಾಸನೆಯಿಂದ ಅರಿತು, ನಮ್ಮ ಮುಖವನ್ನೊಮ್ಮೆ ನೋಡಿ ಸುಮ್ಮನೆ ಕೈ ಹಿಂದೆಗೆದಳು. ಅಡಿಗೆಯು ಸೇರಲಿಲ್ಲವೆಂದು ಬಗೆದು ವೃದ್ಧೆಯ ಮುಖವೂ ಬಾಡಿತು.

ಅಂಗಳಕ್ಕೆ ಬಂದ ಮೇಲೆ ಹುಡುಗಿಯು, "ಕಾಕಾ, ತುಪ್ಪ ಬಾಯಿಗೆ ಬಂದದ್ದಕ್ಕೆ ನನಗೆ ದುಃಖವಿಲ್ಲ. ನೀವು ಎಣ್ಣೆಯೆಂದಿರಲ್ಲ, ಅದಕ್ಕೆ" ಎಂದಳು. ಮೂವತ್ತೈದು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿದ ನಮಗೆ ಉತ್ತರವು ಹೊಳೆಯಲಿಲ್ಲ. ತಿರುಗಿ ಒಳಗೆ ಹೋಗಿ ಆ ತಾಯಿಗೆ ನಡೆದುದನ್ನೆಲ್ಲ ಹೇಳಿದೆವು. ಅವರು, "ಮದಲ ಹೇಳಿದ್ರ ಎಣ್ಣೀನ ಹಚ್ಚತಿದ್ನೆಲ್ರೀ ಮಾಸ್ತರ! ಹುಡುಗಿ ಉಪಾಸ ಹೋಗಬಾರದು" ಎಂದು ಎಳ್ಳು ಹಚ್ಚಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಹೆಂಟೆ ಬೆಲ್ಲಗಳನ್ನು ಅರಿವೆಯಲ್ಲಿ ಕಟ್ಟಿ ಆಕೆಯ ಕೈಗಿತ್ತರು.

ಮುಧೋಳದಲ್ಲಿ ಘಟಪ್ರಭೆಯ ದಂಡೆಯ ಮೇಲೆ ಆ ಗಂಟನ್ನು ಬಿಚ್ಚಿ ನಾವೀರ್ವರೂ ತೃಪ್ತಿಯಾಗಿ ಉಂಡೆವು. ಕಟಕ ರೊಟ್ಟಿಯು ಅನೇಕ ದಿನ ಕೆಡದ ಪದಾರ್ಥವಾದುದರಿಂದ ಉಳಿದುದು ಬೀಳಗಿಯ ದಾರಿಗೂ ಆಯಿತು. ಬೀಳಗಿಯ ಬಂಧುಗಳಿಗೆ ಮಾತ್ರ ಹಿಂದಿನ ದಿನವೇ ಫೋನು ಮಾಡಿ ಎಲ್ಲವನ್ನೂ ತಿಳಿಸಿದ್ದೆವು. ಅವರು ಶೇಂಗಾ ಹೋಳಿಗೆಗೆ ಎಣ್ಣೆ ಹಚ್ಚಿ ಬಡಿಸಿದರು. ಬಡಿಸಿದವರ ಮುಖವೂ ಉಂಡವಳ ಮುಖವೂ ಅಂದು ಅರಳಿದ್ದವು.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ನೇಮವುಳ್ಳವರು ಪ್ರವಾಸಕ್ಕೆ ಹೊರಡುವಾಗ ಒಂದು ಹೊತ್ತಿನ ಬುತ್ತಿಯನ್ನು ಕಟ್ಟಿಕೊಳ್ಳಲಿ. ಅತಿಥಿಗಳಾಗಿ ಹೋಗುವ ಮನೆಗೆ, ಒಲೆ ಹೊತ್ತಿಸುವ ಮುನ್ನವೇ ತಮ್ಮ ನೇಮವನ್ನು ತಿಳಿಸಲಿ. ಹಿರಿಯರಾದ ನಾವು, ನಮಗೆ ಒಪ್ಪದ ನೇಮವಾದರೂ, ಕಿರಿಯರ ತಾಟಿನ ವಿಷಯದಲ್ಲಿ ಸುಳ್ಳಾಡದಿರೋಣ.