ಕಾಲು ಅದೇ, ಮೆಟ್ಟಿಲು ಬೇರೆ

ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹುಟ್ಟಿದಂದಿನಿಂದ ಕಾಲುಗಳಲ್ಲಿ ಬಲವಿಲ್ಲ. ಹಾಗೆಂದು ಮನೆಯಲ್ಲಿ ಅವನು ಸುಮ್ಮನೆ ಕೂರುವವನಲ್ಲ. ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುವನು, ಕೆಲಸದವರ ಸಂಬಳದ ಲೆಕ್ಕ ಬರೆಯುವನು, ತಂಗಿಗೆ ಮಗ್ಗಿ ಹೇಳಿಕೊಡುವನು. ಚಾವಡಿಯಿಂದ ಅಡುಗೆಮನೆಯವರೆಗೆ ನೆಲ ಸಮತಟ್ಟು. ಗೋಡೆ ಹಿಡಿದು ಎಲ್ಲೆಡೆ ಓಡಾಡುವನು. ಅಂಗಳಕ್ಕಿಳಿಯುವ ಮೂರು ಮುರಕಲ್ಲಿನ ಮೆಟ್ಟಿಲುಗಳಿಂದಾಚೆ ಮಾತ್ರ ಅವನು ‘ಕೈಲಾಗದವನು’. ತೋಡಿನ ಸಂಕ ದಾಟಲು ಅಪ್ಪನ ಹೆಗಲು ಬೇಕು, ಬಸ್ಸು ಹತ್ತಲು ಇನ್ನೊಬ್ಬರ ಕೈ ಬೇಕು. ಶಾಲೆಗೆ ಬಂದರೆ ತರಗತಿ ಮಾಳಿಗೆಯ ಮೇಲೆ!

ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ಹಾಜರಿ ಪುಸ್ತಕದಲ್ಲಿ ಗೈರುಹಾಜರು ಎಂದು ಗುರುತು ಹಾಕುತ್ತಿದ್ದವನು ನಾನೇ. ಆ ಗೈರುಹಾಜರಿ ಹುಡುಗನದೋ ಮೆಟ್ಟಿಲಿನದೋ ಎಂದು ಯೋಚಿಸಲು ನನಗೆ ಅರ್ಧ ವರ್ಷವೇ ಹಿಡಿಯಿತು. ಕೊನೆಗೆ ನಾವು ಮಾಡಿದ್ದು ಇಷ್ಟೇ: ತರಗತಿಯನ್ನು ಕೆಳಗಿನ ಕೋಣೆಗೆ ತಂದೆವು, ಹೊಸ್ತಿಲ ಮುಂದೆ ಮಣ್ಣು ತುಂಬಿ ಸಿಮೆಂಟಿನ ಇಳಿಜಾರು ಮಾಡಿಸಿದೆವು. ಹುಡುಗ ನಾಲ್ಕು ದಿನ ಬರತೊಡಗಿದ. ಕಾಲು ಅದೇ, ಬದಲಾದುದು ಸ್ಥಳ. ಐದನೆಯ ದಿನವನ್ನು ಮಳೆಗಾಲದ ತೋಡು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಂಗೀಕರಿಸಿದ ವರ್ಗೀಕರಣವು ಹೇಳುವುದೂ ಇದನ್ನೇ. ಅಂಗವೈಕಲ್ಯವನ್ನು ದೇಹದ ಊನದಿಂದಷ್ಟೇ ಅಳೆಯಲಾಗದು. ಸುತ್ತಲಿನ ದಾರಿ, ಕಟ್ಟಡ, ಸಲಕರಣೆ, ಜನರ ಮನೋಭಾವ ಇವೆಲ್ಲ ಸೇರಿ ಒಬ್ಬನ ಬದುಕು ಎಷ್ಟು ವಿಶಾಲವೆಂಬುದನ್ನು ನಿರ್ಧರಿಸುತ್ತವೆ.

ಕಾಸರಗೋಡಿನವರಿಗೆ ಇದು ದೂರದ ಮಾತಲ್ಲ. ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಪರಿಸರದ ಮಕ್ಕಳ ಚಿತ್ರಗಳನ್ನು ಜಗತ್ತೇ ಕಂಡಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತು. ಹಣ ಔಷಧಿಗೆ ಆದೀತು. ಆದರೆ ಗುಡ್ಡೆಯ ಬದಿಯ ಮನೆಯಿಂದ ರಸ್ತೆಯವರೆಗೆ ಗಾಲಿಕುರ್ಚಿ ಉರುಳುವ ದಾರಿಯಿಲ್ಲದಿದ್ದರೆ, ಮಗುವನ್ನು ಎತ್ತಿ ಎತ್ತಿ ಬೆನ್ನು ಸೋತ ತಾಯಿಯೂ ಮಗುವಿನೊಡನೆ ಮನೆಯೊಳಗೇ ಉಳಿಯುತ್ತಾಳೆ.

ಕಾನೂನು ನಮ್ಮ ಕಡೆಗಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಂತೆ, ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಎಲ್ಲರೂ ಪ್ರವೇಶಿಸುವಂತೆ ಮಾಡಬೇಕಿತ್ತು. ನಿಯಮಗಳು 2017ರಲ್ಲಿ ಬಂದವು; ಗಡುವು 2022ರಲ್ಲೇ ಮುಗಿದಿದೆ. ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು. ಒಂದೂವರೆ ಅಡಿ ಎತ್ತರದ ಜಗಲಿಗೆ ಹದಿನೆಂಟು ಅಡಿ ಉದ್ದ ಬೇಕು. ನಾಲ್ಕಡಿಯಲ್ಲಿ ಮುಗಿಸಿದ ಇಳಿಜಾರು ತೋರಿಕೆಗಷ್ಟೇ. ಗಾಲಿಕುರ್ಚಿ ಅದರಲ್ಲಿ ಹಿಂದಕ್ಕೆ ಮಗುಚುತ್ತದೆ.

ನಮ್ಮವರಿಗೆ ಇನ್ನೊಂದು ಮೆಟ್ಟಿಲಿದೆ, ಅದು ಭಾಷೆ. ಹೆಗಲ ಮೇಲೆ ಮಗನನ್ನು ಹೊತ್ತು ಕಚೇರಿ ತಲುಪಿದ ತಂದೆಯ ಕೈಗೆ ಮಲಯಾಳದ ಅರ್ಜಿ ಕೊಟ್ಟರೆ, ಅವನು ಹೊಸ್ತಿಲು ದಾಟಿಯೂ ಹೊರಗೇ ಉಳಿದಂತೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಅದನ್ನು ಬಳಸೋಣ.

ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡದ ಊರುಗಳು ಬೇರೆಯೂ ಇವೆ. ರಾಯಚೂರಿನ ಅಂಚಿಗೆ, ತೆಲಂಗಾಣದ ಗದ್ವಾಲ ಜಿಲ್ಲೆಯಲ್ಲಿ ಕೆ.ಟಿ. ದೊಡ್ಡಿ ಇದೆ. ಅಲ್ಲಿ ಬಯಲುಸೀಮೆ, ಇಲ್ಲಿ ಗುಡ್ಡೆ. ಅಲ್ಲಿ ಕಚೇರಿಯ ಭಾಷೆ ತೆಲುಗು, ಇಲ್ಲಿ ಮಲಯಾಳ. ಅಂಗವಿಕಲರ ಕಾಯಿದೆ ಮಾತ್ರ ಎರಡೂ ಕಡೆ ಒಂದೇ.

ಮುಂದಿನ ಗ್ರಾಮಸಭೆಗೆ ಹೋಗುವಾಗ, ವಾಚಕರೇ, ಒಂದು ಅಳತೆಪಟ್ಟಿ ಕಿಸೆಯಲ್ಲಿರಲಿ. ಸಭೆಯ ಬಾಗಿಲ ಮೆಟ್ಟಿಲನ್ನು ಅಳೆಯಿರಿ. ಆ ಮೆಟ್ಟಿಲಿನಿಂದಾಗಿ ಯಾರು ಸಭೆಗೆ ಬಂದಿಲ್ಲವೆಂದು ಕೇಳಿರಿ. ಅವರ ಹೆಸರು ನಡಾವಳಿಯಲ್ಲಿ ಬರೆಯಲಿ, ಕನ್ನಡದಲ್ಲೇ.