ಬೋಳು ಕೊಂಬೆಯಲ್ಲಿ ಹೂ ಬಿಡುವ ಮ್ಯಾಗ್ನೋಲಿಯಾ: ನಮ್ಮ ಸಂಪಿಗೆಯ ಚಳಿನಾಡಿನ ನೆಂಟರು

ನಮ್ಮ ಬೆಳೆಗಾರರ ಮನೆಯಂಗಳಕ್ಕೆ ಸಂಪಿಗೆ ಮರ ಹೊಸತಲ್ಲ. ಇದೇ ಸಂಪಿಗೆಯ ಕುಲಕ್ಕೆ ಸೇರಿದ ಕೆಲವು ಮರಗಳು ಚಳಿಗಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ, ವಸಂತದಲ್ಲಿ ಬೋಳು ಕೊಂಬೆಯ ತುಂಬ ದೊಡ್ಡ ದೊಡ್ಡ ಹೂ ಬಿಡುತ್ತವೆ. ಇವೇ ಶೀತ ದೇಶಗಳ ಮ್ಯಾಗ್ನೋಲಿಯಾಗಳು. ಇವುಗಳ ಬಣ್ಣದ ಚಿತ್ರ ಕಂಡವರಿಗೆ ಒಂದು ಸಸಿ ತರಿಸಿ ನೆಡೋಣವೆನಿಸುವುದು ಸಹಜ. ಹಣ ಕೊಡುವ ಮೊದಲು ಗಿಡದ ಗುಣ ತಿಳಿದಿರಲಿ ಎಂಬುದೇ ಈ ಲೇಖನದ ಉದ್ದೇಶ.

ಕುಲ ಮತ್ತು ಜಾತಿಗಳು

ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪಿಯೇರ್ ಮ್ಯಾಗ್ನೋಲ್ ಅವರ ಗೌರವಾರ್ಥ 1703ರಲ್ಲಿ ಈ ಹೆಸರು ಬಂದಿತು. ನಮ್ಮ ಸಂಪಿಗೆಯನ್ನು ಹಿಂದೆ ಮೈಕೇಲಿಯಾ ಎಂಬ ಬೇರೆ ಪಂಗಡದಲ್ಲಿ ಇಟ್ಟಿದ್ದರು. ಈಗ ಅದನ್ನೂ ಮ್ಯಾಗ್ನೋಲಿಯಾ ಚಂಪಕ ಎಂದೇ ಕರೆಯುತ್ತಾರೆ.

ಯುರೋಪಿನ ಮನೆದೋಟಗಳಲ್ಲಿ ಹೆಚ್ಚಾಗಿ ಕಾಣುವುದು ಸೌಲಂಜಿಯಾನ. ಚೀನಾದ ಎರಡು ಜಾತಿಗಳನ್ನು ಪ್ಯಾರಿಸ್ ಸಮೀಪ ಕೂಡಿಸಿ ಪಡೆದ ಈ ಮಿಶ್ರತಳಿ ಮೊದಲು ಹೂ ಬಿಟ್ಟದ್ದು 1826ರಲ್ಲಿ. ಚಿಕ್ಕ ಜಾಗಕ್ಕೆ ಜಪಾನಿನ ಸ್ಟೆಲ್ಲಾಟ ಹೊಂದುತ್ತದೆ. ಅದು ಬೆಳೆಯುವುದು ಹತ್ತಡಿಯ ಆಸುಪಾಸಿಗೆ. ನಮ್ಮ ದೇಶದಲ್ಲೇ ಡಾರ್ಜಿಲಿಂಗ್, ಸಿಕ್ಕಿಂ ಕಡೆಯ ಎತ್ತರದ ಕಾಡುಗಳಲ್ಲಿ ಕ್ಯಾಂಪ್‌ಬೆಲ್ಲಿಯೈ ಎಂಬ ಹೆಮ್ಮರವಿದೆ. ಬೀಜದಿಂದ ಬೆಳೆಸಿದರೆ ಇದು ಹೂ ಬಿಡಲು 20-30 ವರ್ಷ ಹಿಡಿಯುವುದುಂಟು.

ಹೂವಿನ ಗುಟ್ಟು

ಕಾಫಿ ಬೆಳೆಗಾರರಿಗೆ ಇದನ್ನು ಹೇಳುವುದು ಸುಲಭ. ನಮ್ಮ ಕಾಫಿಯ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ನಿದ್ರಿಸುತ್ತದೆ. ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬಿಳಿಯಾಗುತ್ತದೆ. ಒಣಗು ಸಾಲದಿದ್ದರೆ ಹೂವೂ ಒಟ್ಟಿಗೆ ಅರಳದು. ಮ್ಯಾಗ್ನೋಲಿಯಾದಲ್ಲಿ ಒಣಗಿನ ಬದಲು ಚಳಿ, ಮಳೆಯ ಬದಲು ಬಿಸಿಲು. ಹಿಂದಿನ ಬೇಸಿಗೆಯಲ್ಲೇ ಕಟ್ಟಿದ ಮೊಗ್ಗು, ರೋಮದ ಹೊದಿಕೆಯೊಳಗೆ ಚಳಿಗಾಲ ಕಳೆಯುತ್ತದೆ. ವಾರಗಟ್ಟಲೆ ಚಳಿ ತಿಂದ ಮೇಲೆ ಹವೆ ಬೆಚ್ಚಗಾದಾಗ, ಎಲೆಗಿಂತ ಮುಂಚೆ ಹೂ ಬಿರಿಯುತ್ತದೆ. ಆಗ ಒಂದೇ ರಾತ್ರಿ ಹಿಮ ಬಿದ್ದರೂ ಅರಳಿದ ಹೂವೆಲ್ಲ ಕಂದಿಹೋಗುತ್ತದೆ. ಮರ ಉಳಿಯುತ್ತದೆ, ಆ ವರ್ಷದ ಹೂ ಹೋಗುತ್ತದೆ.

ಅಲ್ಲಿಯ ಬೇಸಾಯ

ಈ ಕಾರಣದಿಂದ ಅಲ್ಲಿಯವರು ಗಾಳಿಯ ಹೊಡೆತವಿಲ್ಲದ ಜಾಗ ಆರಿಸುತ್ತಾರೆ. ಪೂರ್ವದ ಎಳೆಬಿಸಿಲು ನೇರ ಬೀಳುವ ಕಡೆ ನೆಡುವುದಿಲ್ಲ. ಹೆಪ್ಪುಗಟ್ಟಿದ ಮೊಗ್ಗು ಬೇಗನೆ ಕರಗಿದರೆ ಕೆಡುತ್ತದೆ. ಹುಳಿ ಅಂಶದ, ನೀರು ಬಸಿಯುವ, ಕೊಳೆತ ಎಲೆಗೊಬ್ಬರವಿರುವ ಮಣ್ಣು ಬೇಕು. ಬೇರು ಮೇಲುಮೇಲೆಯೇ ಹರಡುವ ಮೆದು ಬೇರಾದ್ದರಿಂದ ಬುಡ ಅಗೆಯಬಾರದು, ತರಗೆಲೆಯ ಮುಚ್ಚಿಗೆ ಹಾಕಬೇಕು. ಒಮ್ಮೆ ನೆಟ್ಟ ಗಿಡವನ್ನು ಕಿತ್ತು ಬೇರೆಡೆ ನೆಟ್ಟರೆ ಸೊರಗುತ್ತದೆ. ಕೊಂಬೆ ಸವರಲೇಬೇಕಾದರೆ ಎಲೆ ತುಂಬಿದ ಬೇಸಿಗೆಯ ನಡುವೆ ಸವರುತ್ತಾರೆ. ಚಳಿಗಾಲದ ಕೊನೆಯಲ್ಲಿ ಕಡಿದರೆ ಗಾಯದಿಂದ ರಸ ಸೋರುತ್ತದೆ.

ನಮ್ಮಲ್ಲಿ ಆದೀತೇ?

ಮಣ್ಣು, ಮುಚ್ಚಿಗೆ, ನೆರಳು ಇವುಗಳಲ್ಲಿ ಮಲೆನಾಡಿಗೆ ಕೊರತೆಯಿಲ್ಲ. ಕೊರತೆ ಇರುವುದು ಚಳಿಯಲ್ಲಿ. ಮಡಿಕೇರಿ, ಚಿಕ್ಕಮಗಳೂರುಗಳಲ್ಲಿ ಜನವರಿಯ ರಾತ್ರಿ ಕಂಬಳಿ ಹೊದೆಯುವಂತಿದ್ದರೂ ಹಗಲು 25 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಮೊಗ್ಗಿನ ನಿದ್ರೆ ತಿಳಿಯಾಗಲು ಇಷ್ಟು ಚಳಿ ಸಾಲದು. ಗಿಡ ಬದುಕಿದರೂ ಚಿತ್ರದಲ್ಲಿ ಕಂಡಂಥ ಹೂವನ್ನು ನಿರೀಕ್ಷಿಸುವಂತಿಲ್ಲ. ಆದುದರಿಂದ ಇವುಗಳ ಸಸಿಗೆ ಹಣ ಹಾಕಬೇಡಿರೆಂದೇ ನಮ್ಮ ಸಲಹೆ.

ಅದರ ಬದಲು ಸಂಪಿಗೆ

ಚಳಿಯ ಹಂಗಿಲ್ಲದ ನೆಂಟ ನಮ್ಮಲ್ಲೇ ಇದೆ. ಕಾಯಿ ಒಡೆದು ಕೆಂಪು ಬೀಜ ಕಂಡೊಡನೆ ಹಕ್ಕಿಗಳಿಗಿಂತ ಮುಂಚೆ ಸಂಗ್ರಹಿಸಿರಿ. ಮೇಲಿನ ತಿರುಳನ್ನು ಮರಳಿನಲ್ಲಿ ಉಜ್ಜಿ ತೊಳೆದು, ನೆರಳಿನಲ್ಲಿ ಆರಿಸಿ, ಕೂಡಲೇ ಬಿತ್ತಬೇಕು. ಎಣ್ಣೆಯಂಶದ ಈ ಬೀಜ ಕೂಡಿಟ್ಟರೆ ಬೇಗನೆ ಜೀವ ಕಳೆದುಕೊಳ್ಳುತ್ತದೆ. ಮೊಳಕೆ ನಿಧಾನ, ತಿಂಗಳಾಯಿತೆಂದು ಮಡಿಯನ್ನು ಕೆದಕಬಾರದು. ಎಳೆಯ ಸಸಿಗೆ ನೆರಳು ಬೇಕು, ಬುಡದಲ್ಲಿ ನೀರು ನಿಲ್ಲಬಾರದು.

ಬೀಜದ ಗಿಡ ಹೂ ಬಿಡಲು ಎಂಟು-ಹತ್ತು ವರ್ಷ ಬೇಕಾದೀತು. ಕಸಿ ಗಿಡ ಎರಡು-ಮೂರು ವರ್ಷಕ್ಕೇ ಬಿಡುತ್ತದೆ. ಹೂವಿಗೆ ಕಸಿ ಗಿಡವನ್ನು ಅಂಗಳದಲ್ಲೂ, ಮರಕ್ಕೆ ಬೀಜದ ಗಿಡವನ್ನು ತೋಟದ ಅಂಚಿನಲ್ಲೂ ನೆಡುವುದು ಲೇಸು. ಎತ್ತರಕ್ಕೆ ಬೆಳೆದು ವರ್ಷವಿಡೀ ದಟ್ಟ ನೆರಳು ಕೊಡುವ ಈ ಮರವನ್ನು ಅಡಿಕೆ ಸಾಲಿನ ನಡುವೆ ತರಬಾರದು. ನೆಡುವಾಗ ಜಾಗವನ್ನು ಯೋಚಿಸಿ ಆರಿಸಿದರೆ ಮಕ್ಕಳ ಕಾಲಕ್ಕೆ ಹೂವೂ ಉಂಟು, ಮರವೂ ಉಂಟು.